ಮಾವನ ಜೀಪಿಗೆ ಬಂದ ಜ್ವರ

ನಮ್ಮ ಸೋದರಮಾವನಿಗೆ ಜ್ವರ ಬಂದರೆ ಅವರೊಬ್ಬರೇ ಮಲಗುತ್ತಾರೆ. ಅವರ ಜೀಪಿಗೆ ಜ್ವರ ಬಂದರೆ ಮನೆಮಂದಿಯೆಲ್ಲ ಎದ್ದು ಕೂರಬೇಕು! ಮನುಷ್ಯರಿಗಿಂತ ಇಂಜಿನ್ನೇ ವಾಸಿ, ಅದು ಸುಳ್ಳು ಹೇಳುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಇರಲಿ. ಆದರೆ ನಿಜವನ್ನಾದರೂ ಅದು ಬೇಗ ಹೇಳಬಾರದೇ?

ಜರಗನಹಳ್ಳಿಯ ಅವರ ಮನೆಯ ಗೇಟಿನೊಳಗೆ ಆ ಹಳೆಯ ಫೋರ್‌ವೀಲ್ ಡ್ರೈವ್ ಜೀಪು ನಿಂತಿರುತ್ತದೆ. ಅದರಲ್ಲಿ ಕೂತು ನಾನು ಶಾಲೆಗೆ ಹೋದ ನೆನಪು ನನಗಿದೆ. ಆಗಿನ್ನೂ ಅದನ್ನು ಕೊಂಡೇ ಇರಲಿಲ್ಲ ಎನ್ನುತ್ತಾರೆ ಮಾವ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ನಾನು; ಸಾಕ್ಷಿಯಿಲ್ಲದೆ ಏನನ್ನೂ ನಂಬುವವನಲ್ಲ, ನನ್ನ ನೆನಪನ್ನಂತೂ ಮೊದಲೇ ಇಲ್ಲ. ಹಾಗಾಗಿ ಸುಮ್ಮನಾಗಿದ್ದೇನೆ. ಹಳ್ಳ, ಕೆಸರು, ಬಂಡೆ ಯಾವುದಕ್ಕೂ ಅಂಜದ ಆ ಗಾಡಿ ಈ ಬೇಸಿಗೆಯಲ್ಲಿ ಸಾರಕ್ಕಿ ಸಿಗ್ನಲ್ಲಿನಲ್ಲಿ ಕೈಕೊಟ್ಟಿತು.

ಅಂದು ಜೀಪಿನಲ್ಲಿ ಮಾವನ ಮಗಳೂ ಇದ್ದಳು. ಜಯನಗರದಲ್ಲಿ ಹಲ್ಲಿನ ಡಾಕ್ಟರು. ಅವಳ ಕಾರು ಸರ್ವೀಸಿಗೆ ಹೋಗಿತ್ತು. ಹಸಿರು ದೀಪ ಬೀಳುವುದಕ್ಕೂ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಏಳುವುದಕ್ಕೂ ಸರಿಹೋಯಿತು. ಹಿಂದಿನಿಂದ ಹಾರನ್ನಿನ ಸುರಿಮಳೆ! ಪಕ್ಕದ ಆಟೋದವನು ತಲೆ ಹೊರಹಾಕಿ, "ಅಂಕಲ್, ಇಡ್ಲಿ ಬೆಂದಂಗಿದೆ, ಇಳಿಸ್ಬಿಡಿ" ಎಂದ. ಮಾವ ಅವನನ್ನು ಇಂದಿಗೂ ಕ್ಷಮಿಸಿಲ್ಲ.

ಮನೆಗೆ ಬಂದವಳೇ ಮಗಳು ತೀರ್ಪು ಕೊಟ್ಟಳು: "ಅಪ್ಪಾ, ಭಾನುವಾರ ಎಲ್ಲರೂ ಇದರಲ್ಲೇ ಬೆಟ್ಟಕ್ಕೆ ಹೋಗೋಣ. ದಾರೀಲಿ ಒಂದೇ ಒಂದು ಸಲ ಕುದೀಲಿ, ಸೋಮವಾರ ಗುಜರಿಗೆ."

ಕನಕಪುರದ ಆಚೆಯ ಬೆಟ್ಟವೆಂದರೆ ಸುಮ್ಮನೆ ಅಲ್ಲ, ಮೊದಲ ಗೇರಿನಲ್ಲೇ ಏದುಸಿರು ಬಿಡುವ ಏರು! ಮಾವ ಒಪ್ಪಿಕೊಂಡೇಬಿಟ್ಟರು.

ಅಲ್ಲಿಂದ ಶುರುವಾಯಿತು ನೋಡಿ ಚಿಕಿತ್ಸೆ! ಬೆಳಿಗ್ಗೆ ಎದ್ದು, ಇಂಜಿನ್ನಿನ ನೀರು ತಣಿಸುವ ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪನ್ನು ಎರಡು ಬೆರಳಲ್ಲಿ ಹಿಡಿದು ನಾಡಿ ನೋಡುವರು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ, "ಹೂಂ" ಎನ್ನುವರು. ಆ 'ಹೂಂ'ನಿಂದ ಬೆಲ್ಟ್ ಬದಲಾಯಿತು. ಮರುದಿನದ 'ಹೂಂ'ಗೆ ವಾಟರ್ ಪಂಪು. ಬಿಸಿಯೇರಿದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟ್ಯಾಟನ್ನು ಬಿಚ್ಚಿ, ದಾರ ಕಟ್ಟಿ, ಅತ್ತೆಯ ಹಾಲಿನ ಪಾತ್ರೆಯ ಕುದಿನೀರಿನಲ್ಲಿ ಇಳಿಬಿಟ್ಟು, ಅದು ಬಾಯಿ ತೆರೆಯುತ್ತದೋ ಇಲ್ಲವೋ ಎಂದು ಕಾದರು. ಅದು ತೆರೆಯುವ ಮೊದಲು ಅತ್ತೆ ಬಾಯಿ ತೆರೆದರು! ಅಂದಿನ ಕಾಫಿಯಲ್ಲಿ ಡೀಸೆಲ್ಲಿನ ವಾಸನೆ ಇತ್ತೆಂದು ನನ್ನ ನೆನಪು. ನೆನಪಷ್ಟೇ.

ಇಷ್ಟಾದರೂ ಜ್ವರ ಇಳಿಯಲಿಲ್ಲ. ಜೆ.ಪಿ. ನಗರದ ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆದರೆ ಸಾಕು, ಇಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹಾರುತ್ತಿತ್ತು.

ಶನಿವಾರ ಬನಶಂಕರಿಯ ನನ್ನ ಮನೆಯಿಂದ ಮಾವನಲ್ಲಿಗೆ ನಾನೇ ಹೊರಟೆ. ನಾಡಿ ನೋಡುವುದೆಲ್ಲ ಯಾವ ಶಾಸ್ತ್ರ? ಪ್ರಯೋಗ ಮಾಡೋಣ! ಇಂಜಿನ್ ಚಾಲೂ ಮಾಡಿಸಿ, ಜೀಪಿನ ಮೂತಿಗೆ ಒಂದು ಪೇಪರಿನ ಹಾಳೆ ಹಿಡಿದೆ. ಒಳಗಿನ ಫ್ಯಾನು ಗಾಳಿ ಎಳೆದರೆ ಹಾಳೆ ಅಲ್ಲೇ ಅಂಟಿ ನಿಲ್ಲಬೇಕು. ಕೈ ಬಿಟ್ಟೆ. ಹಾಳೆ ನಾಚಿಕೆಯಿಲ್ಲದೆ ನೆಲಕ್ಕೆ ಬಿತ್ತು. ಅಂದರೆ ರೇಡಿಯೇಟರಿನೊಳಗೆ ಗಾಳಿಯೇ ನುಗ್ಗುತ್ತಿಲ್ಲ! ಇಂಜಿನ್ ಆರಿಸಿ, ಮೊಣಕಾಲೂರಿ ಬಗ್ಗಿ ನೋಡಿದರೆ ಕಂಡದ್ದೇನು? ಇರುವೆ! ಬಂಪರಿನ ಮೇಲೆ ಸಾಲುಗಟ್ಟಿ ಹತ್ತಿ, ಮದುವೆ ಮನೆಯ ಪಂಕ್ತಿಗೆ ಹೊರಟ ಹಾಗೆ ರೇಡಿಯೇಟರಿನತ್ತ ನಡೆದಿದ್ದವು. ಡೀಸೆಲ್ ಜೀಪಿನಲ್ಲಿ ಇರುವೆಗೆ ಏನು ಊಟ? ಟಾರ್ಚು ಬಿಟ್ಟೆ. ರೇಡಿಯೇಟರಿನ ತೆಳು ರೇಕುಗಳ ಸಂದಿಯೆಲ್ಲ ಮುಚ್ಚಿಹೋಗಿತ್ತು. ಹಾಲು, ಜೇನು, ಸಕ್ಕರೆ, ಬಾಳೆಹಣ್ಣು, ಅದರ ಮೇಲೆ ವಿಭೂತಿ, ಅದರ ಮೇಲೆ ಕನಕಪುರ ರೋಡಿನ ಧೂಳು: ಪದರದ ಮೇಲೆ ಪದರ, ಗಾರೆ ಮೆತ್ತಿದ ಹಾಗೆ.

ಪಂಚಾಮೃತ!

"ಮಾವ, ಸಿಕ್ತು" ಎಂದು ಕೂಗುವಷ್ಟರಲ್ಲಿ ಮಾವನ ಗ್ರೀಸಿನ ಕೈ ನನ್ನ ಬಾಯಿ ಮುಚ್ಚಿತು.

"ಮೆಲ್ಲಗೆ ಮಾತಾಡೋ. ನಿಮ್ಮತ್ತೆ ಒಳಗಿದಾಳೆ."

ನಾನು ಗ್ರೀಸು ಒರೆಸಿಕೊಳ್ಳುತ್ತ ಕೇಳಿದೆ: "ನಿಮಗೆ ಗೊತ್ತಿತ್ತಾ?"

"ಬೆಲ್ಟ್ ಬದಲಾಯಿಸೋಕ್ ಮುಂಚೇನೇ ಗೊತ್ತಿತ್ತು."

ಮತ್ತೆ ಆ ನಾಡಿ, ಆ ಪಂಪು, ಆ ಹಾಲಿನ ಪಾತ್ರೆ? ಮಾವ ಒಳಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ಹಿಂದೊಮ್ಮೆ ಘಟ್ಟದ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ, ಬಂಡೆಗೆ ಒರಗಿಸಿ ಗಾಡಿ ನಿಲ್ಲಿಸಿಕೊಂಡು ಬದುಕಿ ಬಂದಿದ್ದರಂತೆ. ಅಂದಿನಿಂದ ಅವರು ಗಾಡಿ ತೆಗೆಯುವ ಮುಂಚೆ ಅತ್ತೆ ಶಿವನ ಅಭಿಷೇಕದ ಪಂಚಾಮೃತ ತಂದು ಜೀಪಿನ ಮುಖಕ್ಕೆ ಚಿಮುಕಿಸಿ, ವಿಭೂತಿ ಎರಚುತ್ತಾರೆ.

"ನಾನು ಮನೆಗೆ ವಾಪಸ್ ಬರ್ತಿರೋದೇ ಅದರಿಂದ ಅಂದ್ಕೊಂಡಿದಾಳೆ ಕಣೋ. ಹೋಗಿ, ನಿನ್ನಿಂದಲೇ ಕೆಟ್ಟಿದ್ದು ಅಂತ ಹೆಂಗ್ ಹೇಳ್ಲಿ?"

"ಜೀಪು ಗುಜರಿಗೆ ಹೋಗುತ್ತಲ್ಲ ಮಾವ."

"ಹೋದ್ರೆ ಹೋಗ್ಲಿ."

ಜೀಪನ್ನು ಬಿಟ್ಟುಕೊಡಲು ಅವರು ತಯಾರಿದ್ದರು. ನಾನು ತಯಾರಿರಲಿಲ್ಲ. ಅತ್ತೆ ಮಧ್ಯಾಹ್ನ ಅಡ್ಡಾದಾಗ ಬಕೆಟ್ಟು ನೀರು ತಂದು, ಮಗಳ ಕ್ಲಿನಿಕ್ಕಿನ ಸ್ಯಾಂಪಲ್ ಟೂತ್‌ಬ್ರಷ್‌ಗಳಿಂದ ನಾವಿಬ್ಬರೂ ಜೀಪಿನ ಹಲ್ಲುಜ್ಜಿದೆವು! ಹಾಳೆ ಹಿಡಿದರೆ ಈಗ ಗಪ್ಪೆಂದು ಅಂಟಿತು. ಆದರೆ ನಾಳೆ ಬೆಳಿಗ್ಗೆ ಅತ್ತೆ ಮತ್ತೆ ಪಂಚಾಮೃತ ತಂದರೆ? ಮಾವ ಬ್ರಷ್ಷುಗಳನ್ನು ತೊಳೆದಿಟ್ಟು, ಬಕೆಟ್ಟು ಎತ್ತಿಕೊಂಡು ಒಳಗೆ ನಡೆದರು.

ಭಾನುವಾರ ಎಲ್ಲರೂ ಹತ್ತಿ ಕೂತೆವು. ಅತ್ತೆ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ವಿಭೂತಿ ಹಿಡಿದು ಬಂದರು. ಮಾವ ಇಳಿದು, ಜೀಪಿನ ಮುಂದೆ ಅಡ್ಡ ನಿಂತರು. ಅವರು ದೇವರ ಮನೆಯತ್ತ ತಲೆ ಹಾಕಿದ್ದನ್ನು ನಾನು ನೋಡಿದ ನೆನಪಿಲ್ಲ.

"ಅದಕ್ಕೆ ಹಚ್ಚಿದ್ದು ಸಾಕು ಕಣೇ" ಎಂದರು. "ನನಗೆ ಹಚ್ಚು."

ಅತ್ತೆ ಮಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು, ಕೆಂಪಾದರು. ಆಮೇಲೆ ಗಂಡನ ಅಂಗೈಗೆ ಪಂಚಾಮೃತ ಹಾಕಿ, ಮೂರು ಬೆರಳಿನಿಂದ ಅವರ ಹಣೆಗೆ ವಿಭೂತಿ ಎಳೆದರು.

ಬೆಟ್ಟದ ಕೊನೆಯ ತಿರುವು ಹತ್ತುವಾಗ ಜೀಪು ಗುಡುಗುತ್ತಿತ್ತು. ಮಗಳೂ ನಾನೂ ಮೀಟರಿನ ಮುಳ್ಳನ್ನೇ ನೋಡುತ್ತಿದ್ದೆವು. ಅದು ನಡುವಿನಿಂದ ಕದಲಲಿಲ್ಲ. ಅತ್ತೆ ಮುಳ್ಳನ್ನು ನೋಡಲೇ ಇಲ್ಲ. ಪಕ್ಕದಲ್ಲಿ ಕೂತು, ಮಾವನ ಹಣೆಯಲ್ಲಿ ಬೆವರಿಗೆ ಇಳಿಯುತ್ತಿದ್ದ ವಿಭೂತಿ ಕಣ್ಣಿಗೆ ಬೀಳದಂತೆ ಸೆರಗಿನ ತುದಿಯಿಂದ ಮೆಲ್ಲಗೆ ಒತ್ತುತ್ತಿದ್ದರು.