ಎಂಬತ್ತು ಸೀರೆಗೆ ಮೂರು ಷರತ್ತು

ಒಂದೇ ಲಗ್ನಕ್ಕೆ ಎಂಬತ್ತು ನಾರಾಯಣಪೇಟೆ ಸೀರೆಗಳ ವ್ಯಾಪಾರ. ನಲವತ್ತನ್ನು ಗದ್ವಾಲದ ಗಂಡಿನ ಕಡೆಯವರು ಕೊಳ್ಳಬೇಕು, ನಲವತ್ತನ್ನು ಮಕ್ತಲ್‌ನ ಹೆಣ್ಣಿನ ಕಡೆಯವರು. ಬೀಗರು ಬೀಗರಿಗೆ ಉಡಿಸುವ ಸೀರೆಗಳು. ಲಗ್ನದ ಜವಳಿ ಮಾರುವವನ ಮುಂದೆ ‘ಹಿಂಗಾದರ ತೊಗೋತೀವಿ, ಹಂಗಾದರ ಇಲ್ಲ’ ಅನ್ನೋ ತಮಾಷೆ ದಿನಾ ನಡೆದೇ ಇರುತ್ತದೆ. ಈ ಸಲ ಮಾತ್ರ ಎಂಬತ್ತನ್ನೂ ಮಾರಿಯೇ ಸೈ ಅಂತ ಹಟ ಹಿಡಿದಿದ್ದೆ.

ಬೀಗ ಹಾಕಿದ ಅಂಗಡಿ

ನನ್ನ ಸೊಸೆ ತರ್ಕಶಾಸ್ತ್ರದ ಸಂಶೋಧಕಿ. ‘ಹೀಗಾದರೆ ಹಾಗೆ’ ಅನ್ನುವ ಷರತ್ತಿನ ಮಾತುಗಳಿಂದ ಯಾವುದು ಖಂಡಿತ ಹೊರಡುತ್ತದೆ ಅಂತ ಕಂಪ್ಯೂಟರೇ ಸಾಧಿಸಿ ತೋರಿಸುವ ಪ್ರೋಗ್ರಾಮ್ ಬರೆಯುತ್ತಾಳೆ. ಹೊರಡದಿದ್ದರೆ ಯಾಕಿಲ್ಲ ಅನ್ನೋದಕ್ಕೂ ಅದು ಉದಾಹರಣೆ ಕೊಡುತ್ತದಂತೆ.

ಪರೀಕ್ಷೆ ಮಾಡಿದೆ: ‘ರೇಟು ಇಳಿಸಿದರ ಗಿರಾಕಿ ಬರತಾರ. ಹಂಗಾದರ, ರೇಟು ಇಳಿಸಿ ಅಂಗಡಿಗೆ ಬೀಗ ಹಾಕಿದರೂ ಬರತಾರೇನು?’

‘ಹಂಗ ಹೇಳಾಕ ಬರಂಗಿಲ್ಲ ಅನ್ನಾಕತ್ತೈತ್ರೀ, ಮಾವಾರ. ಶಾಲಿಯಾಗ ಕಲಿಸೋ ಹಳೇ ತರ್ಕ ಆಗಿದ್ದರ, ರೇಟು ಇಳಿದರ ಸಾಕು, ಬೀಗ ಇದ್ದರೂ ಬಂದೇ ಬರತಿದ್ದರು.’

‘ಬೀಗ ಹಾಕಿದರೂ ಬರೋ ಆ ಗಿರಾಕಿಗಳ ಅಡ್ರೆಸ್ ಕೊಡವ್ವ ಮೊದಲ!’

ನಿನ್ನೆಯ ರೇಟು

ಗದ್ವಾಲದಿಂದ ವರನ ತಂದೆ ಬಂದರು. ರೇಟು ಕೇಳಿ ಹುಬ್ಬೇರಿಸಿದರು. ರೂಢಿಯಂತೆ ಅಂದೆ: ‘ನಿನ್ನಿ ಬಂದಿದ್ದರ ಕಡಿಮಿಗೆ ಕೊಡತಿದ್ದೆ.’

‘ನಿನ್ನಿನೂ ಬಂದಿದ್ದೆ, ಸಾವ್ಕಾರ್ರ. ಮೊನ್ನಿ ಬಂದಿದ್ದರ ಅಂದಿದ್ರಿ.’

ಅಂಗಡಿಯ ಮೂಲೆಯಲ್ಲಿ ಕೂತಿದ್ದ ಸೊಸೆಯ ಬೆರಳು ಆಗಲೇ ಕಂಪ್ಯೂಟರಿನ ಮೇಲಿತ್ತು. ‘ಎಲ್ಲಾನೂ ಅದಕ್ಕ ಹೇಳಬಾರದವ್ವ,’ ಅಂದೆ.

ಇನ್ನೊಂದು ಲೋಕ

ಕೊನೆಗೆ ವರನ ತಂದೆ, ‘ಮಕ್ತಲ್‌ನವರು ತೊಗೊಂಡರ ನಾವೂ ತೊಗೋತೀವಿ’ ಅಂದು ಎದ್ದರು. ಮಕ್ತಲ್‌ಗೆ ಫೋನ್ ಮಾಡಿದೆ. ಹೆಣ್ಣಿನ ತಂದೆ, ‘ಗದ್ವಾಲದವರು ತೊಗೊಂಡರ ನಾವೂ ತೊಗೋತೀವಿ’ ಅಂದರು. ಮೊದಲು ಕೈಬಿಚ್ಚಿದರೆ ಬೀಗರ ಮುಂದೆ ಸಸಾರ ಆಗತೀವಿ ಅಂತ ಇಬ್ಬರಿಗೂ.

‘ಆತಲ್ಲ ವ್ಯಾಪಾರ!’ ಅಂದೆ. ಸೊಸೆ ಕಂಪ್ಯೂಟರ್ ನೋಡಿ ತಲೆ ಆಡಿಸಿದಳು. ‘ಇಬ್ಬರೂ ತೊಗೊಳ್ಳದಿದ್ದರೂ ಇಬ್ಬರ ಮಾತೂ ಉಳೀತಾವ್ರೀ. ಅಂಥಾ ಒಂದು ಲೋಕ ತೋರಸಾಕತ್ತೈತಿ.’

‘ಆ ಲೋಕದಾಗ ನಾನೇನು ಮಾಡಾಕತ್ತೀನಿ?’

‘ಸೀರಿ ತಿರುಗಿ ಮಡಚಾಕತ್ತೀರಿ.’

ಮೂರನೇ ಷರತ್ತು

ಇನ್ನೊಂದು ಷರತ್ತು ಸಿಕ್ಕರೆ ಸಾಕು ಅಂದಳು ಸೊಸೆ. ಮರುದಿನವೇ ನಲವತ್ತು ಸೀರೆಯ ಕಟ್ಟಿನ ಸಮೇತ ಮಕ್ತಲ್ ಬಸ್ಸು ಹತ್ತಿದೆ. ಹೆಣ್ಣಿನ ತಂದೆ ಪಡಸಾಲೆಯಲ್ಲಿ ನೆಂಟರ ನಡುವೆ ಕೂತಿದ್ದರು.

‘ಒಂದು ವೇಳೆ ಗದ್ವಾಲದವರು ತೊಗೊಳ್ಳದಿದ್ದರ?’ ಅಂತ ಮೆಲ್ಲಗೆ ಕೇಳಿದೆ.

‘ಆಗಂತೂ ತೊಗೊಂಡೇ ತೊಗೋತೀವ್ರೀ! ಮಂದಿ ಮುಂದ ಅವರ ಮಾರಿ ಸಣ್ಣದಾಗೋದು ನೋಡಬೇಕು!’

ಅಲ್ಲೇ ಸೊಸೆಗೆ ಫೋನ್ ಹಚ್ಚಿ ಆ ಮಾತು ತಿಳಿಸಿ, ಎಲ್ಲರಿಗೂ ಕೇಳುವಂತೆ ಹಿಡಿದೆ.

‘ಸಾಧಿಸಿ ತೋರಿಸೇತ್ರೀ, ಮಾವಾರ! ಗದ್ವಾಲದವರು ತೊಗೊಂಡರೂ ಮಕ್ತಲ್‌ನವರು ತೊಗೋತಾರ, ತೊಗೊಳ್ಳದಿದ್ದರೂ ತೊಗೋತಾರ. ಇವರು ತೊಗೊಂಡರಂದ್ರ ಅವರೂ ತೊಗೋಬೇಕು!’

ಹೆಣ್ಣಿನ ತಂದೆ ಫೋನನ್ನೇ ನೋಡಿದರು. ‘ನಾ ತೊಗೊಳ್ಳದೇ ಇರಾಕ ದಾರಿನೇ ಇಲ್ಲೇನವ್ವ?’

‘ಕೊಟ್ಟ ಮಾತು ಮುರಿದರ ಐತ್ರೀ, ಕಾಕಾರ.’

ನೆಂಟರೆಲ್ಲ ಅವರ ಮುಖ ನೋಡಿದರು. ‘ಕಟ್ಟು ಬಿಚ್ಚರಿ,’ ಅಂದರು ಅವರು.

ಸುದ್ದಿ ಕೇಳಿ ಗದ್ವಾಲದವರೂ ತಮ್ಮ ನಲವತ್ತು ಒಯ್ದರು. ಸೊಸೆ ಅಂಗಡಿಗೆ ಬಂದು ಒಳ್ಳೇದೊಂದು ಸೀರೆ ಆರಿಸಿ ಹೆಗಲಿಗೆ ಹಾಕಿಕೊಂಡಳು.

‘ರೊಕ್ಕ?’ ಅಂದೆ.

‘ರೊಕ್ಕ ಕೇಳಿದರ ಅತ್ತಿಯವರನ್ನೂ ಕರಕೊಂಡು ಬರತೀನ್ರೀ, ಮಾವಾರ.’

ಮತ್ತೆ ಕೇಳಲಿಲ್ಲ. ಮಾರಿದ್ದು ಎಂಬತ್ತು. ಅಂಗಡಿಯಿಂದ ಹೋದದ್ದು ಎಂಬತ್ತೊಂದೇ.