ಒಂದು ಕಿಲೋ ಆಚೆ ಈಚೆ

ಶಿಹಾಬನ ತೊಂದರೆಗಳಿಗೆಲ್ಲ ಮೂಲ, ಕೂದಲಿನಷ್ಟು ತೆಳ್ಳಗಿನ ಒಂದು ಗಾಜಿನ ಎಳೆ.

ಆ ಎಳೆಯನ್ನು ಅವನು ಕಡಬದ ಆಚೆ, ಕಲ್ಲಕಜೆಯ ತೂಗುಸೇತುವೆಯ ನಟ್ಟನಡುವೆ, ಹಲಗೆಯ ಅಡಿಯ ಕಬ್ಬಿಣದ ಪಟ್ಟಿಗೆ ಅಂಟಿಸಿದ್ದ. ಮೇಲೆ ಯಾರಾದರೂ ನಿಂತರೆ ಪಟ್ಟಿ ಬಾಗುತ್ತದೆ, ಎಳೆ ಹಿಗ್ಗುತ್ತದೆ, ಅದರೊಳಗೆ ಬಿಟ್ಟ ಬೆಳಕು ಚೂರೇ ಚೂರು ಬಣ್ಣ ಬದಲಿಸಿ ವಾಪಸಾಗುತ್ತದೆ. ಆ ಚೂರನ್ನು ಅಳೆದರೆ ಸೇತುವೆಯ ಮೇಲೆ ಬಿದ್ದ ಭಾರ ಎಷ್ಟೆಂದು ಹೇಳಬಹುದು. ಪುತ್ತೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಅವನು ನಾಲ್ಕು ವರ್ಷದಿಂದ ಮಾಡುತ್ತಿದ್ದ ಪಿಎಚ್‌ಡಿ ಎಂದರೆ ಇಷ್ಟೇ.

ಆದರೆ ಎಳೆಗೆ ಭಾರವೂ ಒಂದೇ, ಬಿಸಿಲೂ ಒಂದೇ. ಬಿಸಿಯಾದರೂ ಅದು ಹಿಗ್ಗುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಸೊನ್ನೆ ತೋರಿಸಿದ ಖಾಲಿ ಸೇತುವೆ, ಹನ್ನೊಂದು ಗಂಟೆಗೆ ತನ್ನ ಮೇಲೆ ಇಬ್ಬರು ನಿಂತಿದ್ದಾರೆ ಎಂದು ಸಾಧಿಸುತ್ತಿತ್ತು. ಜೀಪು ಓಡಿಸುವ ಬೋಜನಿಗೆ ಇದರಲ್ಲಿ ಆಶ್ಚರ್ಯವೇ ಇರಲಿಲ್ಲ. "ನಮಗೆ ಕಾಣದವರು ಇಬ್ಬರು ಆ ಹೊತ್ತಿಗೆ ಹೊಳೆ ದಾಟುದು ಮಾರಾಯ್ರೆ. ಹೆಸರು ಹೇಳಬಾರದು. ನಿಮ್ಮ ಮಿಷನಿಗೆ ಗೊತ್ತಾಯ್ತಲ್ಲ, ಅದು ದೊಡ್ಡದು" ಎಂದಿದ್ದ.

ಕೊನೆಗೆ ಶಿಹಾಬ ಒಂದು ಉಪಾಯ ಮಾಡಿದ. ಮೊದಲನೆಯ ಎಳೆಯ ಪಕ್ಕದಲ್ಲೇ, ಹಲಗೆಯ ಅಂಚಿಗೆ, ಸಣ್ಣ ಕೊಳವೆಯೊಳಗೆ ಎರಡನೆಯ ಎಳೆಯೊಂದನ್ನು ಸಡಿಲವಾಗಿ ಇಳಿಬಿಟ್ಟ. ಅದಕ್ಕೆ ಭಾರ ತಾಗದು, ಬಿಸಿ ಮಾತ್ರ ತಾಗುತ್ತದೆ. ಮೊದಲನೆಯದರ ಲೆಕ್ಕದಿಂದ ಎರಡನೆಯದರ ಲೆಕ್ಕ ಕಳೆದರೆ ಉಳಿಯುವುದು ಶುದ್ಧ ಭಾರ. ತಪ್ಪು ಒಂದು ಕಿಲೋದೊಳಗೆ ಬಂದರೆ ಪರೀಕ್ಷಕರು ಸಹಿ ಹಾಕುತ್ತಾರೆ. ಅವನಿಗೆ ನಿಶ್ಚಯವಾದ ಹುಡುಗಿ ಮುಫೀದಾಳ ಮನೆಯವರು ನಿಕಾಹ್‌ಗೆ ದಿನ ಗೊತ್ತು ಮಾಡುತ್ತಾರೆ. "ಡಾಕ್ಟರ್ ಆಗಿಯೇ ಬರಲಿ, ನಮಗೇನೂ ಅವಸರವಿಲ್ಲ" ಎಂದು ಅವರು ಹೇಳಲಾರಂಭಿಸಿ ಎರಡು ವರ್ಷವಾಗಿತ್ತು.

ಆ ಪರೀಕ್ಷಕ ಗೌರೀಶಂಕರ ಸರ್ ಈ ದಿನ ಬೆಂಗಳೂರಿನಿಂದ ರೈಲಿನಲ್ಲಿ ನೆಟ್ಟಣಕ್ಕೆ ಬಂದಿಳಿಯುವವರಿದ್ದರು.

ಬೆಳಿಗ್ಗೆ ಒಂಬತ್ತಕ್ಕೆ ಶಿಹಾಬ ಲ್ಯಾಪ್‌ಟಾಪ್ ತೆರೆದು ನೋಡಿದರೆ, ಖಾಲಿ ಸೇತುವೆಯ ತೂಕ ಮೈನಸ್ ನಲವತ್ತು ಕಿಲೋ!

"ಮೈನಸ್ ಅಂದ್ರೆ ಎಂತ? ಹೊಳೆ ದಾಟಿದವರು ವಾಪಸ್ ಬಂದದ್ದಾ?" ಬೋಜ ಇಣುಕಿದ.

ಶಿಹಾಬ ಸೇತುವೆಯ ನಡುವಿಗೆ ಓಡಿದ. ಅಂಗಾತ ಮಲಗಿ, ಬೋರಲಾಗಿ ಮಲಗಿ, ತಲೆ ಕೆಳಗೆ ತೂಗಿಬಿಟ್ಟು ನೋಡಿದ. ಸಡಿಲವಾಗಿ ಇರಬೇಕಿದ್ದ ಎರಡನೆಯ ಎಳೆ ವೀಣೆಯ ತಂತಿಯಂತೆ ಬಿಗಿದು ನಿಂತಿತ್ತು. ತುದಿಗೆ ಕಪ್ಪು ಟೇಪು ಸುತ್ತಿತ್ತು.

"ಯಾರು ಇದನ್ನು ಎಳೆದು ಕಟ್ಟಿದ್ದು?"

"ನಾನೇ. ಲೂಸಾಗಿ ನೇತಾಡ್ತಿತ್ತು" ಎಂದ ಬೋಜ, ಎದೆಯುಬ್ಬಿಸಿ. "ಬೆಂಗಳೂರಿನವರು ಬರುವಾಗ ಹಾಗೆ ಇದ್ದರೆ ಊರಿಗೇ ಮರ್ಯಾದಿ ಇಲ್ಲ. ಥ್ಯಾಂಕ್ಸ್ ಎಲ್ಲ ಬೇಡ."

ಮುಕ್ಕಾಲು ಗಂಟೆ ಉಗುರಿನಲ್ಲಿ ಕೆರೆದು ಕೆರೆದು ಶಿಹಾಬ ಟೇಪು ಬಿಡಿಸಿದ. ಎಳೆ ತುಂಡಾಗಿರಲಿಲ್ಲ. ಲೆಕ್ಕ ಸೊನ್ನೆಗೆ ಬಂತು. ಬೋಜನನ್ನು ನೆಟ್ಟಣಕ್ಕೆ ಓಡಿಸಿ, ಸೇತುವೆಯ ಬುಡದ ಅಂಗಡಿಗೆ ಹೋಗಿ ಒಂದು ಚಾಯ ಕುಡಿದು ಬಂದು ನೋಡುವಾಗ ಪರದೆಯ ಮೇಲೆ ನೂರಾ ಹನ್ನೆರಡು ಕಿಲೋ! ಸೇತುವೆಯಲ್ಲಿ ಒಂದು ಕಾಗೆಯೂ ಇಲ್ಲ.

ಮತ್ತೆ ಓಡಿದ. ಈ ಬಾರಿ ಎರಡನೆಯ ಎಳೆಯ ಕೊಳವೆಗೆ ನೀರು ತೊಟ್ಟಿಕ್ಕುವ ಗೋಣಿಯೊಂದನ್ನು, ತಣ್ಣೀರು ಪಟ್ಟಿಯ ಹಾಗೆ, ಚಂದವಾಗಿ ಸುತ್ತಲಾಗಿತ್ತು. ಹೊಳೆಬದಿಯ ಮನೆಯ ಸಫಿಯಮ್ಮ ಬಾಲ್ದಿ ಹಿಡಿದು ಆಚೆ ದಡದಲ್ಲಿ ನಗುತ್ತ ನಿಂತಿದ್ದರು.

"ನೀನು ನಿನ್ನೆ ಇಡೀ ದಿನ ಫೋನಿನಲ್ಲಿ 'ಬಿಸಿ ಆಗ್ತದೆ, ಬಿಸಿ ಆಗ್ತದೆ' ಅಂತ ಅಳ್ತಾ ಇದ್ದಿಯಲ್ಲ ಮೋನೇ. ಕೇಳಿ ನನ್ನ ಕರುಳು ಚುರುಕ್ ಅಂತು. ಅದಕ್ಕೆ ಒದ್ದೆ ಗೋಣಿ ಹಾಕಿದೆ."

ಶಿಹಾಬನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಉಮ್ಮಾ, ಎರಡು ಎಳೆಗೂ ಒಂದೇ ಬಿಸಿ ಇರಬೇಕು. ಹಾಕುದಾದ್ರೆ ಎರಡಕ್ಕೂ ಹಾಕುದಲ್ವಾ?"

"ಒಂದೇ ಗೋಣಿ ಇದ್ದದ್ದು ಮೋನೇ."

ಗೋಣಿ ತೆಗೆದು, ಕೊಳವೆ ಒರೆಸಿ, ಶರ್ಟಿನಲ್ಲಿ ಗಾಳಿ ಹಾಕಿ, ಅರ್ಧ ಗಂಟೆ ಕಾದ ಮೇಲೆ ಲೆಕ್ಕ ಮತ್ತೆ ಸೊನ್ನೆಗೆ ಬಂದು ಕುಳಿತಿತು. ಬಿಸಿಲು ನೆತ್ತಿಗೇರಿತು, ಸೊನ್ನೆ ಅಲ್ಲಾಡಲಿಲ್ಲ. ಶಿಹಾಬ ಸೇತುವೆಯ ಮೇಲೆಯೇ ಒಂದು ಸುತ್ತು ಕುಣಿದ. ಪರದೆಯಲ್ಲಿ ಅದೂ ದಾಖಲಾಯಿತು.

ಈಗ ಗೊತ್ತಿರುವ ತೂಕವೊಂದನ್ನು ಇಟ್ಟು ನೋಡಬೇಕು. ಅದೇ ಹೊತ್ತಿಗೆ ಆಶಾ ಕಾರ್ಯಕರ್ತೆ ಕುಮುದಿನಿ, ಮನೆಮನೆಗೆ ಹೋಗಿ ಬಸುರಿಯರ ತೂಕ ನೋಡುವ ಯಂತ್ರವನ್ನು ಚೀಲದಲ್ಲಿ ಹೊತ್ತು ಆ ದಾರಿಯಾಗಿ ಬಂದಳು.

"ಅಕ್ಕ, ಒಂದು ಉಪಕಾರ. ಮೊದಲು ನಿಮ್ಮ ಯಂತ್ರದಲ್ಲಿ ನಿಲ್ಲುದು, ಮತ್ತೆ ಸೇತುವೆಯಲ್ಲಿ ನಿಲ್ಲುದು. ಎರಡೂ ಒಂದೇ ಬರ್ತದಾ ನೋಡುವಾ."

ಸಫಿಯಮ್ಮನೇ ಮೊದಲು ನಿಂತರು. ಕುಮುದಿನಿಯ ಯಂತ್ರದಲ್ಲಿ ಅರುವತ್ತೊಂದು. ಸೇತುವೆಯಲ್ಲಿ ಅರುವತ್ತೊಂದು ಪಾಯಿಂಟ್ ಎರಡು. "ಪಾಯಿಂಟ್ ಎರಡು ಬಾಯಲ್ಲಿರುವ ವೀಳ್ಯದ್ದು" ಎಂದರು ಸಫಿಯಮ್ಮ. ಕುಮುದಿನಿ ನಿಂತಳು. ಚಾಯದಂಗಡಿಯವರು ನಿಂತರು. ಯಾರಲ್ಲೂ ಅರ್ಧ ಕಿಲೋ ಮೀರಿದ ವ್ಯತ್ಯಾಸವಿಲ್ಲ.

ಸುದ್ದಿ ಹೊಳೆ ದಾಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ದಾಟುವಾಗ ವೇಷವನ್ನೂ ಬದಲಿಸಿತು. ಆಚೆ ದಡದವರಿಗೆ ಅದು ತಲುಪಿದ್ದು 'ಸೇತುವೆಯಲ್ಲಿ ಪುಕ್ಕಟೆ ಶುಗರ್ ಟೆಸ್ಟ್' ಎಂದು. ಮುದುಕ ಪೋಕರ್ ಬ್ಯಾರಿ ಕೊಡೆ ಊರಿಕೊಂಡು ಬಂದರು.

"ಚಾಯ ಸಹ ಕುಡೀಲಿಲ್ಲ, ಹಸಿದ ಹೊಟ್ಟೆಯಲ್ಲೇ ಬಂದಿದ್ದೇನೆ. ಸೂಜಿ ಎಲ್ಲುಂಟು?"

"ಸೂಜಿ ಇಲ್ಲ ಬ್ಯಾರಿಗಳೇ, ಸುಮ್ಮನೆ ನಿಲ್ಲುದು."

"ನಿಂತರೇ ಶುಗರ್ ಗೊತ್ತಾಗ್ತದಾ? ವಿಜ್ಞಾನ ಎಲ್ಲಿಗೆ ಮುಟ್ಟಿತು ಮಾರಾಯ!"

ಬೋಜನ ಜೀಪು ಬಂದು ನಿಲ್ಲುವಾಗ ಎರಡೂ ದಡದಲ್ಲಿ ಮತದಾನದ ದಿನದಷ್ಟು ಉದ್ದದ ಸಾಲಿತ್ತು.

ಗೌರೀಶಂಕರ ಸರ್ ಇಳಿದರು. ಮೊದಲು ಹೊಟ್ಟೆ ಇಳಿಯಿತು, ಆಮೇಲೆ ಸರ್. ಅವರು ಬಹಳ ಶಿಸ್ತಿನ ಮನುಷ್ಯ. ಎರಡೂ ಎಳೆಗಳನ್ನು ಪರೀಕ್ಷಿಸಿದರು, ಲೆಕ್ಕಗಳನ್ನೆಲ್ಲ ಸಾಲುಸಾಲಾಗಿ ಓದಿದರು, ಮೂರು ಕಡೆ ತಪ್ಪು ಹುಡುಕಿ ಮೂರರಲ್ಲೂ ಸೋತರು. "ವಂಡರ್‌ಫುಲ್! ಬಿಸಿಯ ತಪ್ಪನ್ನ ಇಷ್ಟು ಸೊಗಸಾಗಿ ಕಳೆದದ್ದು ನಾನು ನೋಡೇ ಇಲ್ಲ" ಎಂದು ಜೇಬಿನಿಂದ ಪೆನ್ನು ತೆಗೆದರು. ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು. ಶಿಹಾಬನ ಕಣ್ಣು ಮಂಜಾಯಿತು.

ಪೆನ್ನಿನ ಮುಚ್ಚಳ ತೆಗೆದ ಸರ್‌ಗೆ ಒಂದು ಯೋಚನೆ ಬಂತು.

"ಕೊನೇದಾಗಿ ಒಂದು ಸ್ವತಂತ್ರ ಪರೀಕ್ಷೆ ಮಾಡೋಣ. ನನ್ನನ್ನೇ ತೂಗಿ. ನನ್ನ ತೂಕ ನಿಮಗೆ ಯಾರಿಗೂ ಗೊತ್ತಿಲ್ಲ. ನಾನು ಹೇಳ್ತೀನಿ, ಎಪ್ಪತ್ತೆಂಟು. ಹತ್ತು ವರ್ಷದಿಂದ ಒಂದು ಕಿಲೋ ಆಚೆ ಈಚೆ ಆಗಿಲ್ಲ. ದಿನಾ ವಾಕಿಂಗು, ರಾತ್ರಿ ಬರೀ ರಾಗಿ ಅಂಬಲಿ."

ಗಂಭೀರವಾಗಿ ನಡೆದು ಹೋಗಿ ನಡುವಿನ ಗುರುತಿನ ಮೇಲೆ ನಿಂತರು. ಸೇತುವೆ ಮೆಲ್ಲಗೆ ನರಳಿತು. ಪರದೆಯ ಮೇಲೆ ಅಂಕೆಗಳು ಏರಿ ಏರಿ ನಿಂತವು: 92.4.

ಶಿಹಾಬ ಸಫಿಯಮ್ಮನ ಕಡೆಗೂ ಬೋಜನ ಕಡೆಗೂ ತಿರುಗಿ ನೋಡಿದ.

"ಈ ಸಲ ನಾನು ಗೋಣಿ ಹಾಕ್ಲಿಲ್ಲ ಮೋನೇ, ಅಲ್ಲಾಹನಾಣೆ" ಎಂದರು ಸಫಿಯಮ್ಮ.

"ನಾನೂ ಟೇಪು ಮುಟ್ಲಿಲ್ಲ" ಎಂದ ಬೋಜ.

ಸರ್ ಕೆಂಪಾದರು. "ಹದಿನಾಲ್ಕು ಕಿಲೋಗಿಂತ ಜಾಸ್ತಿ ತಪ್ಪು!"

ಕುಮುದಿನಿಗೆ ತಡೆಯಲಾಗಲಿಲ್ಲ. ತನ್ನ ಯಂತ್ರವನ್ನು ಸರ್ ಕಾಲ ಬುಡದಲ್ಲೇ ತಂದಿಟ್ಟಳು. "ಸರ್, ಇದರಲ್ಲಿ ಒಮ್ಮೆ ನಿಲ್ಲಿ. ಈಗಲೇ ಗೊತ್ತಾಗ್ತದೆ."

ಸರ್ ಅದನ್ನು ಹೆಡೆ ಎತ್ತಿದ ಹಾವನ್ನು ನೋಡಿದಂತೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ಬೇಡಮ್ಮ. ಅದು ಪ್ರಯೋಗಾಲಯದ ತಕ್ಕಡಿ ಅಲ್ಲ."

"ತಕ್ಕಡಿ ಎಂತಕ್ಕೆ?" ಪೋಕರ್ ಬ್ಯಾರಿ ಶಿಹಾಬನ ಪರವಾಗಿ ವಾದಕ್ಕಿಳಿದರು. "ಆ ಹೊಟ್ಟೆ ಒಂದೇ ಹದಿನಾಲ್ಕು ಕಿಲೋ ಬರ್ತದೆ. ಕಣ್ಣಿದ್ದವರಿಗೆ ಕಾಣುದಿಲ್ವಾ?"

ಬೋಜ ಶಿಹಾಬನ ಕಿವಿಯಲ್ಲಿ ಪಿಸುಗುಟ್ಟಿದ: "ಆ ಕಂಪ್ಯೂಟರಿನಲ್ಲಿ ಹದಿನಾಲ್ಕು ಕಡಿಮೆ ಮಾಡಿ ಬಿಡಿ ಮಾರಾಯ್ರೆ. ನಮಗೆಂತ ಹೋಗುದು?"

ಶಿಹಾಬ ಒಮ್ಮೆ ಕೀಲಿಗಳತ್ತ ನೋಡಿದ. ನಾಲ್ಕು ವರ್ಷ ಅರ್ಧ ಕಿಲೋದ ಹಿಂದೆ ಓಡಿದವನಿಗೆ ಹದಿನಾಲ್ಕು ಕಿಲೋ ನುಂಗುವುದು ಸಾಧ್ಯವಾಗಲಿಲ್ಲ. "ಸರ್, ಸೆನ್ಸರ್ ಸರಿ ಉಂಟು" ಎಂದ, ಆದಷ್ಟು ಮೆಲ್ಲಗೆ.

ಸರ್ ಬರೆದರು: 'ಅಳತೆಯಲ್ಲಿ ಗಂಭೀರ ದೋಷ. ನಿಖರತೆ ಸುಧಾರಿಸಬೇಕು. ಆರು ತಿಂಗಳ ಬಳಿಕ ಮರುಪರೀಕ್ಷೆ.' ಸಾಲು ಕರಗಿತು. ಪೋಕರ್ ಬ್ಯಾರಿ ಮಾತ್ರ "ನನ್ನ ಶುಗರ್ ಎಷ್ಟೂಂತ ಹೇಳ್ಲೇ ಇಲ್ಲ" ಎಂದು ಗೊಣಗುತ್ತ ಹೋದರು.

ಜೀಪು ಹತ್ತುವ ಮುನ್ನ ಸರ್ ಅತ್ತಿತ್ತ ನೋಡಿ ಶಿಹಾಬನನ್ನು ಬದಿಗೆ ಕರೆದರು.

"ಶಿಹಾಬ್, ನಿಜ ಹೇಳಿ. ತೊಂಬತ್ತೆರಡರ ಮುಂದೆ ಪಾಯಿಂಟ್ ಎಷ್ಟಿತ್ತು?"

"ನಾಲ್ಕು ಸರ್."

ಸರ್ ಮುಖ ಹುಣ್ಣಿಮೆಯಾಯಿತು. "ಹೋದ ತಿಂಗಳು ತೊಂಬತ್ತೈದು ಇದ್ದೆ ಕಣ್ರೀ! ಎರಡೂವರೆ ಕಿಲೋ ಇಳಿದಿದೆ! ಮನೇಲಿ ನಮ್ಮವಳು ನಂಬೋದೇ ಇಲ್ಲ. ನಿಮ್ಮ ಸೆನ್ಸರ್ ಅಪ್ಪಟ ಚಿನ್ನ!"

"ಹಾಗಾದ್ರೆ ಸರ್, ರಿಪೋರ್ಟು...?"

"ಅದು ಹೇಗೆ ಬದಲಾಯಿಸೋದು? ಅಷ್ಟು ಜನರ ಎದುರು ಎಪ್ಪತ್ತೆಂಟು ಅಂದುಬಿಟ್ಟಿದೀನಿ." ಸರ್ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು. "ನೀವು ಯಾವುದನ್ನೂ ಮುಟ್ಟಬೇಡಿ, ಹಾಗೇ ಇಟ್ಟಿರಿ. ತಿಂಗಳಿಗೊಮ್ಮೆ ನಾನೇ ಬಂದು ನಿಲ್ತೀನಿ. ಎಪ್ಪತ್ತೆಂಟು ತೋರಿಸಿದ ದಿನ ಅಲ್ಲೇ ಸಹಿ!"

ಜೀಪು ಹೋಗಿ ಒಂದು ಗಂಟೆಯ ಮೇಲೆ ಶಿಹಾಬ ಕೂತು ಲೆಕ್ಕ ಹಾಕಿದ. ತಿಂಗಳಿಗೆ ಎರಡೂವರೆ ಕಿಲೋ ಎಂದರೆ ಆರು ತಿಂಗಳಲ್ಲಿ ಹದಿನೈದು. ಆಗಬಹುದು! ಮುಫೀದಾಳಿಗೆ ಫೋನು ಮಾಡೋಣವೆಂದು ಮೊಬೈಲು ತೆಗೆಯುವಷ್ಟರಲ್ಲಿ ಅದೇ ಬಡಿದುಕೊಂಡಿತು. ಕಡಬದಿಂದ ಬೋಜ.

"ಇಂಜಿನಿಯರ್ರೇ, ನಿಮ್ಮ ಸರ್ ಈಗ ಭಾರಿ ಖುಷಿಯಲ್ಲಿದ್ದಾರೆ, ನೀವು ಬೇಜಾರು ಮಾಡಬೇಡಿ. ತೂಕ ಇಳಿದದ್ದಕ್ಕೆ ಪಾರ್ಟಿಯಂತೆ. ಹೋಟೆಲಿನಲ್ಲಿ ಎಣ್ಣೆ ಇಳಿಯುವ ಗೋಳಿಬಜೆ ಈಗ ಮೂರನೇ ಪ್ಲೇಟು."