ಕಾರಿಗೆ ಸಾರು ಸಾಲಲಿಲ್ಲ

ಹಲ್ಲಿನ ಡಾಕ್ಟರ ಕಸುಬಿನಲ್ಲಿ ಒಂದು ದೊಡ್ಡ ಅಪಾಯವಿದೆ. ನಮ್ಮ ಮುಂದೆ ಕೂತವರೆಲ್ಲ ಬಾಯಿ ತೆರೆದುಕೊಂಡೇ ಇರುತ್ತಾರೆ, ಆದರೆ ಒಬ್ಬರೂ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ. ನಾವು ಏನು ಹೇಳಿದರೂ ‘ಆಂ’ ಎನ್ನುತ್ತಾರೆ. ತೆಂಗಿನಕಾಯಿ ರೇಟಿನಿಂದ ಹಿಡಿದು ಕ್ರಿಕೆಟ್ಟಿನವರೆಗೆ ನನ್ನ ಅಭಿಪ್ರಾಯಗಳನ್ನೆಲ್ಲ ಅರಸೀಕೆರೆಯ ಜನ ಇಷ್ಟು ವರ್ಷ ಈ ಒಂದೇ ಅಕ್ಷರದಲ್ಲಿ ಅನುಮೋದಿಸುತ್ತ ಬಂದಿದ್ದಾರೆ. ಹೀಗಾಗಿ ಸಂಜೆಯ ಹೊತ್ತಿಗೆ ನನಗೆ ನಾನು ಹೇಳಿದ್ದೆಲ್ಲ ಸರಿ ಎಂಬ ಪಿತ್ತ ನೆತ್ತಿಗೇರಿರುತ್ತದೆ. ಮನೆಗೆ ಹೋಗಿ ಹೆಂಡತಿಯ ಮುಂದೆ ಎರಡು ಮಾತಾಡಿದರೆ ತಾನಾಗಿ ಇಳಿಯುತ್ತದೆ. ಗಿರಿಜ ಜಾವಗಲ್ಲಿನಲ್ಲಿ ಹೈಸ್ಕೂಲು ಗಣಿತದ ಮೇಡಂ. ಬಾಯಿ ತೆರೆಸುವುದು ನನ್ನ ಕಸುಬು, ಮುಚ್ಚಿಸುವುದು ಅವಳದು.

ಐವತ್ತು ದಾಟಿದ ಮೇಲೆ ಗಂಡಸರಿಗೆ ಏನಾದರೂ ಮಾಡಬೇಕು ಅನ್ನಿಸುತ್ತದಂತೆ. ನನ್ನ ವಾರಗೆಯವರು ಕೆಲವರು ಮಾಲೇಕಲ್ಲು ಬೆಟ್ಟ ಹತ್ತಿ ವೆಂಕಟರಮಣನಿಗೆ ಮುಡಿ ಕೊಟ್ಟು ಬಂದರು. ಕೊಡುವಷ್ಟು ಮುಡಿ ನನ್ನ ತಲೆಯಲ್ಲಿ ಉಳಿದಿರಲಿಲ್ಲವಾದ್ದರಿಂದ ನಾನು ಕಾರು ತೆಗೆದುಕೊಂಡೆ. ಅಂತಿಂಥ ಕಾರಲ್ಲ, ಬೆಂಗಳೂರಿನಲ್ಲಿ ಯಾರೋ ಓಡಿಸಿ ಬೇಸತ್ತು ಮಾರಿದ್ದ ವಿದೇಶದ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಹೊಟ್ಟೆ. ಅದಕ್ಕೆ ಸೂಪರ್‌ಚಾರ್ಜರ್ ಬೇರೆ ಇತ್ತು, ಅಂದರೆ ಇಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ಒತ್ತಿ ತುಂಬುವ ಯಂತ್ರ. ಗಿರಿಜ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇದರಲ್ಲಿ ಕೂತುಕೊಳ್ಳುವುದೋ ಮಲಗುವುದೋ ಎಂದು ಕೇಳಿದಳು. ಕೂತಳು. ಇಳಿಯುವಾಗ ಪಕ್ಕದ ಮನೆಯವರು ಬಂದು ಕೈ ಕೊಟ್ಟು ಎಳೆಯಬೇಕಾಯಿತು.

ಕಾರಿಗೊಂದು ಕಾಯಿಲೆ ಇತ್ತು. ಮೆಲ್ಲಗೆ ಹೋದರೆ ಹಸುವಿನಷ್ಟು ಸಾಧು, ಜೋರಾಗಿ ಒತ್ತಿದರೆ ಮಾತ್ರ ಕೆಮ್ಮಿ ಕೆಮ್ಮಿ ಸುಸ್ತಾಗಿಬಿಡುತ್ತಿತ್ತು. ಬೇಲೂರಿನಲ್ಲಿ ಒಂದು ನಾಮಕರಣ ಮುಗಿಸಿಕೊಂಡು ಗಿರಿಜಳ ಜೊತೆ ಬರುವಾಗ ಕಾಯಿ ತುಂಬಿದ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಲು ಹೋದೆ. ಪಕ್ಕಕ್ಕೆ ಬರುವವರೆಗೂ ಚೆನ್ನಾಗಿಯೇ ಇತ್ತು. ಅಲ್ಲಿ ಕೆಮ್ಮು ಶುರುವಾಗಿ, ಟ್ರ್ಯಾಕ್ಟರೇ ನಮ್ಮನ್ನು ಹಿಂದೆ ಹಾಕಿ ಹೋಯಿತು. ಅದನ್ನು ಓಡಿಸುತ್ತಿದ್ದವನು ಮೇಲಿನಿಂದ ನಮ್ಮನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಬಯ್ದಿದ್ದರೆ ಪರವಾಗಿರಲಿಲ್ಲ, ಅವನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದ.

ಮನೆ ತಲುಪಿದ ಮೇಲೆ ಗಿರಿಜ ಚಪ್ಪಲಿ ಬಿಡುತ್ತ ತೀರ್ಪು ಕೊಟ್ಟಳು. “ಬರೋ ತಿಂಗಳು ಹಳೇಬೀಡಿಗೆ ಅಕ್ಕನ ಮನೆಗೆ ಊಟಕ್ಕೆ ಹೋಗ್ಬೇಕಲ್ಲ, ಇದರಲ್ಲೇ ಬರ್ತೀನಿ. ದಾರೀಲಿ ಎಲ್ಲೂ ನಿಲ್ಲದೆ ಹೋದ್ರೆ ಇಟ್ಕೊಳ್ಳಿ. ನಿಂತ್ರೆ ಮಾತ್ರ ಮಾರಿಬಿಡಬೇಕು ರೀ.” ಗ್ರೇಸ್ ಮಾರ್ಕ್ಸ್ ಕೊಟ್ಟು ಗೊತ್ತಿರುವ ಹೆಂಗಸಲ್ಲ ಅವಳು. ನಿಜ ಹೇಳಬೇಕೆಂದರೆ ಆ ಕಾರಿನ ಮೇಲೆ ನನಗೆ ಪ್ರಾಣವೇ ಇತ್ತು. ಕ್ಲಿನಿಕ್ ಮುಗಿದ ಮೇಲೆ ಸುಮ್ಮನೆ ಅದರೊಳಗೆ ಕೂತು ಎದ್ದು ಬರುತ್ತಿದ್ದೆ.

ಲೋಕೇಶನ ಗ್ಯಾರೇಜಿಗೆ ಓಡಿದೆ. ಲೋಕೇಶ ಮೊದಲು ಬೋರ್‌ವೆಲ್ಲಿಗೆ ಮೋಟಾರು ಇಳಿಸುತ್ತಿದ್ದವನು. ತನಗೆ ಬಾರದ ಕೆಲಸ ಈ ಭೂಮಿಯ ಮೇಲೆ ಇಲ್ಲ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿಲ್ಲ. ಬಾನೆಟ್ ಎತ್ತಿದ ಕೂಡಲೇ ಸಿಕ್ಕಿದ್ದು ನಾನೇ ಆಯುಧಪೂಜೆಗೆ ಕಟ್ಟಿದ್ದ ಚೆಂಡುಹೂವಿನ ಹಾರದ ಅರ್ಧ ಭಾಗ, ಗಾಳಿ ಎಳೆದುಕೊಳ್ಳುವ ಬಾಯಿಯ ಹತ್ತಿರ ಒಣಗಿ ಕೂತಿತ್ತು. ರೋಗ ಇದೇ ಎಂದು ಅವನು ಘೋಷಿಸಿಬಿಟ್ಟ. ಹಾರ ತೆಗೆದ ಮೇಲೆ ಗಾಳಿ ಇನ್ನೂ ಚೆನ್ನಾಗಿ ಹೋಗಿ ಕೆಮ್ಮು ಇನ್ನೂ ಜಾಸ್ತಿಯಾಯಿತು. ಒಂದು ದಿನವಿಡೀ ಮೊಬೈಲಿನಲ್ಲಿ ವಿಡಿಯೋ ನೋಡಿ, ಆಮೇಲೆ ಏನೂ ನಡೆದೇ ಇಲ್ಲವೆಂಬ ಹಾಗೆ ಹೇಳಿದ: “ಅನ್ನ ರಾಶಿ ಬಡಿಸ್ತಾ ಐತೆ ಡಾಕ್ಟ್ರೇ, ಸಾರು ಸಾಲ್ತಿಲ್ಲ. ಬರೀ ಅನ್ನ ನುಂಗಿದ್ರೆ ನೆತ್ತಿಗೆ ಹತ್ತದೆ ಇರ್ತದಾ?”

ಗಾಳಿ ಅನ್ನ, ಪೆಟ್ರೋಲು ಸಾರು. ಸೌಟು ದೊಡ್ಡದಾಗಬೇಕು. ಟ್ಯಾಂಕಿನೊಳಗಿನ ಪಂಪು, ಇಂಜಿನ್ನಿಗೆ ಪೆಟ್ರೋಲು ಚಿಮುಕಿಸುವ ಇಂಜೆಕ್ಟರುಗಳು, ನಡುವಿನ ಪೈಪು, ಎಲ್ಲವನ್ನೂ ದೊಡ್ಡ ಸೈಜಿಗೆ ಬದಲಾಯಿಸುವುದೆಂದು ತೀರ್ಮಾನವಾಯಿತು. ಸಾಮಾನು ಬೆಂಗಳೂರಿನಿಂದ ಪಾರ್ಸೆಲ್ಲಿನಲ್ಲಿ ಬಂತು. ನಾನೂ ಏನು ಕಡಿಮೆಯೆ, ಬಾಯಿಯಿಂದ ಜೊಲ್ಲು ಎಳೆಯುವ ಪಂಪನ್ನು ಇಷ್ಟು ವರ್ಷ ಬಳಸಿದ ಅನುಭವದ ಮೇಲೆ ಲೋಕೇಶನಿಗೆ ಸಲಹೆ ಕೊಡುತ್ತ ನಿಂತೆ. ಅವನು ನನ್ನನ್ನು ಪಾನಾ ಹಿಡಿದುಕೊಳ್ಳುವ ಕೆಲಸಕ್ಕೆ ಹಚ್ಚಿದ. ಕ್ಲಿನಿಕ್ಕಿನಲ್ಲಿ ಹಲ್ಲಿನ ಬೇರು ತೆಗೆಸಿಕೊಳ್ಳಲು ಬಂದ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಟ್ಯಾಂಕಿನಿಂದ ಇಂಜಿನ್ನಿನವರೆಗಿನ ಪೆಟ್ರೋಲಿನ ಪ್ರಯಾಣವನ್ನೆಲ್ಲ ವಿವರಿಸಿ, ನಾನು ಮಾಡುತ್ತಿರುವುದು ಸರಿ ತಾನೇ ಎಂದು ಕೇಳಿದೆ. ಆಂ ಎಂದರು. ಕೊನೆಗೆ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ಒಬ್ಬರು ಬಂದು, ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು ಎಂಬುದನ್ನು ಕಾರಿನ ಕಂಪ್ಯೂಟರಿಗೆ ಕಲಿಸಿಕೊಟ್ಟು ಹೋದರು. ಕೆಮ್ಮು ಮಾಯವಾಯಿತು.

ಚಳಿಗಾಲದ ಒಂದು ಭಾನುವಾರ ಹೊರಟೆವು. ಹಳೇಬೀಡಿನಲ್ಲಿ ನನ್ನ ಷಡ್ಡಕರಿಗೆ, ಅಂದರೆ ಗಿರಿಜಳ ಭಾವನಿಗೆ, ನನ್ನನ್ನು ರೇಗಿಸುವುದೆಂದರೆ ಹಬ್ಬದೂಟ. ಅವರ ಎದುರು ಗತ್ತಿನಿಂದ ಇಳಿಯಬೇಕೆಂದು ಬಿಳಿ ಶರಟು ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದೆ. ರಸ್ತೆಯ ಹಂಪುಗಳ ಮೇಲೆ ನಿಧಾನ ಮಾಡುವುದನ್ನು ನಿಲ್ಲುವುದೆಂದು ಲೆಕ್ಕ ಹಾಕಬಾರದು ಎಂದು ಗಿರಿಜಳನ್ನು ಮೊದಲೇ ಒಪ್ಪಿಸಿದ್ದೆ. ಒಂದೊಂದು ಹಂಪನ್ನೂ ಏಡಿಯ ಹಾಗೆ ಓರೆಯಾಗಿ ದಾಟಿಸುತ್ತ ಜಾವಗಲ್ ತಲುಪಿದಾಗ ಬಸ್‌ಸ್ಟ್ಯಾಂಡಿನಲ್ಲಿದ್ದ ಮಕ್ಕಳು ಮೇಡಮ್ಮನ್ನು ಗುರುತಿಸಿ ಕೈ ಬೀಸಿದರು. ಅದಾದ ಮೇಲೆ ನೇರ ರಸ್ತೆ ಸಿಕ್ಕಿತು. ಒತ್ತಿದೆ. ಕಾರು ಕೆಮ್ಮಲಿಲ್ಲ, ಒಮ್ಮೆ ಗುಟುರು ಹಾಕಿ ನಮ್ಮಿಬ್ಬರನ್ನೂ ಸೀಟಿಗೆ ಒತ್ತಿ ಹಿಡಿದು ನುಗ್ಗಿತು. ಗಿರಿಜ ಮೊದಲು ಬಾಗಿಲಿನ ಹಿಡಿ ಹಿಡಿದುಕೊಂಡಳು, ಆಮೇಲೆ ಬಿಟ್ಟಳು, ಆಮೇಲೆ ನಕ್ಕಳು. ಆ ನಗುವನ್ನು ಕೇಳಿ ಎಷ್ಟೋ ಕಾಲವಾಗಿತ್ತು. ಪಂಪಿಗೂ ಪೈಪಿಗೂ ಪಟ್ಟ ಪಾಡೆಲ್ಲ ಸಾರ್ಥಕವಾಯಿತು ಅನ್ನಿಸಿತು.

ತಿರುವು ದಾಟಿದರೆ ಎದುರಿಗೆ ರಸ್ತೆಯೇ ಇಲ್ಲ, ಹುರುಳಿ ಇದೆ. ನಮ್ಮ ಕಡೆ ಈಗ ಕಣ ಮಾಡುವ ತಾಪತ್ರಯ ಯಾರಿಗೂ ಬೇಡ. ಕಿತ್ತ ಹುರುಳಿಯನ್ನು ಗಿಡದ ಸಮೇತ ಡಾಂಬರಿನ ಮೇಲೆ ಹರವಿದರೆ ಬಸ್ಸು ಲಾರಿಗಳೇ ತುಳಿದು ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಬಸ್ಸಿನ ಹೊಟ್ಟೆ ಎತ್ತರದಲ್ಲಿರುತ್ತದೆ, ನಮ್ಮದು ನೆಲಕ್ಕಿದೆ ಎಂಬುದು ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಗಿರಿಜಳ ಕರಾರು ಮಾತ್ರ. ನಿಲ್ಲಬಾರದು ಎಂದುಕೊಂಡು ನುಗ್ಗಿಸಿದೆ. ರಾಶಿಯ ನಟ್ಟನಡುವೆ ಕಾರು ಮೊಟ್ಟೆಯ ಮೇಲೆ ಕಾವಿಗೆ ಕೂತ ಕೋಳಿಯ ಹಾಗೆ ಕೂತುಬಿಟ್ಟಿತು. ಇನ್ನೂ ಒತ್ತಿದೆ. ಸಾರಿಗೇನೂ ಕೊರತೆ ಇರಲಿಲ್ಲವಾದ್ದರಿಂದ ಹಿಂದಿನ ಚಕ್ರಗಳು ಭರ್ರನೆ ತಿರುಗಿ ಗಿಡಗಳನ್ನೆಲ್ಲ ಹಿಂದಕ್ಕೆ ತೂರಿದವು. ಕೆಳಗಿನಿಂದ ಸುಟ್ಟ ವಾಸನೆ ಬಂತು. ಗಾಬರಿಯಾಗಿ ಇಂಜಿನ್ ಆಫ್ ಮಾಡಿದೆ. ಗಿರಿಜ ವಾಚು ನೋಡಿಕೊಂಡಳು.

ಕವೆಗೋಲು ಹಿಡಿದುಕೊಂಡು ಹುರುಳಿಯ ಯಜಮಾನಿ ಅಜ್ಜಿ ಬಂದಳು. ಬೈಗುಳಕ್ಕೆ ತಯಾರಾಗಿ ನಿಂತೆ. ಅಜ್ಜಿ ನನ್ನ ಕಡೆ ನೋಡದೆ ಕಾರಿನ ಹಿಂದೆ ಹೋಗಿ ಒಂದು ಹಿಡಿ ಎತ್ತಿ ಊದಿದಳು. ಅಂಗೈ ತುಂಬ ಕಾಳು. “ಬೆಳಗಿಂದ ಬಸ್ಸು ತುಳುದ್ರೂ ಇಷ್ಟು ಉದುರಿರ್ಲಿಲ್ಲ ಕಣಪ್ಪ. ತೆಳ್ಳಗೆ ಹರವ್ಕೊಡ್ತೀನಿ, ಇನ್ನೊಂದೆಲ್ಡು ಸಲ ಆಡಿಸ್ಕೊಟ್ಟು ಹೋಗು, ನಿನ್ ಹೊಟ್ಟೆ ತಣ್ಣಗಿರ್ಲಿ.”

ಮೊದಲು ಕಾರಿನ ಹೊಟ್ಟೆ ತಣ್ಣಗಾಗಬೇಕಿತ್ತು. ಅದು ಆರುವವರೆಗೆ ಕಾದು, ಬಿಳಿ ಶರಟಿನಲ್ಲೇ ರಸ್ತೆಯ ಮೇಲೆ ಅಂಗಾತ ಮಲಗಿ, ಕೆಳಗೆ ಸುತ್ತಿಕೊಂಡಿದ್ದ ಸೊಪ್ಪನ್ನೆಲ್ಲ ಎಳೆದು ತೆಗೆದೆ. ಹಲ್ಲಿನ ಸಂದಿಯ ನಾರು ತೆಗೆದು ಅಭ್ಯಾಸವಿದ್ದದ್ದು ಅಲ್ಲಿ ಉಪಯೋಗಕ್ಕೆ ಬಂತು. ಎದ್ದು ಮೈ ಕೊಡವಿಕೊಳ್ಳುವಷ್ಟರಲ್ಲಿ ಗಿರಿಜ ಸೆರಗು ಸಿಕ್ಕಿಸಿಕೊಂಡು ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ಮದುವೆಗೆ ಮುಂಚೆ ಭಾವನ ಜೀಪಿನಲ್ಲಿ ಓಡಿಸುವುದು ಕಲಿತವಳು, ಲೈಸೆನ್ಸು ಉಂಟು, ಓಡಿಸಲು ನಾನು ಬಿಟ್ಟಿರಲಿಲ್ಲ ಅಷ್ಟೆ. ಅಜ್ಜಿ ತೆಳ್ಳಗೆ ಹರವಿದಳು. ಗಿರಿಜ ಹಿಂದಕ್ಕೂ ಮುಂದಕ್ಕೂ ಎಲ್ಲೂ ಸಿಕ್ಕಿಹಾಕಿಕೊಳ್ಳದ ಹಾಗೆ, ಮಗ್ಗಿ ಹೇಳಿಕೊಡುವಷ್ಟು ತಾಳ್ಮೆಯಿಂದ ಕಾರನ್ನು ಆಡಿಸಿದಳು. ನಾನು ತಲೆಯಲ್ಲಿ ಸೊಪ್ಪು ಇಟ್ಟುಕೊಂಡು ಹೊಂಗೆ ಮರದ ಕೆಳಗೆ ನಿಂತಿದ್ದೆ. ಹೊಟ್ಟೆಕಿಚ್ಚಾಯಿತು. ಆದರೂ ಅವಳ ಮುಖ ನೋಡಿದರೆ ಸಂತೋಷವೂ ಆಗುತ್ತಿತ್ತು.

ಒಕ್ಕಣೆ ಮುಗಿದ ಮೇಲೆ ಡ್ರೈವರ್ ಬಾಗಿಲ ಹತ್ತಿರ ಹೋಗಿ ನಿಂತೆ. ಆ ಕಡೆಯಿಂದ ಹತ್ತಿ ಎಂದು ಅವಳು ಕೈ ತೋರಿಸಿದಳು. ಅಜ್ಜಿ ನನ್ನ ತೊಡೆಯ ಮೇಲೆ ಒಂದು ಚೀಲ ಹುರುಳಿ ಇಟ್ಟು ಹರಸಿದಳು. ಸ್ವಲ್ಪ ದೂರ ಹೋದ ಮೇಲೆ ಧೈರ್ಯ ಮಾಡಿ, ಹಾಗಾದರೆ ಕಾರು ಮಾರುವುದೇ ಎಂದು ಕೇಳಿದೆ.

“ಕಾರು ಎಲ್ಲಿ ನಿಲ್ತು? ಅದು ಓಡ್ತಾನೇ ಇತ್ತು, ಆಫ್ ಮಾಡಿದ್ದು ನೀವು” ಎಂದಳು. “ಕಾರಿರ್ಲಿ. ಓಡಿಸೋರನ್ನ ಬದಲಾಯಿಸಿದ್ರೆ ಸಾಕು.”

ಹಳೇಬೀಡಿನಲ್ಲಿ ಷಡ್ಡಕರು ಗೇಟು ತೆರೆಯುತ್ತ, ಸೊಪ್ಪು ಮೆತ್ತಿದ ನನ್ನ ಶರಟನ್ನೂ ತೊಡೆಯ ಮೇಲಿನ ಚೀಲವನ್ನೂ ನೋಡಿ, ಡಾಕ್ಟ್ರು ಕ್ಲೀನರ್ ಕೆಲಸಕ್ಕೆ ಸೇರಿದರೋ ಎಂದು ವಿಚಾರಿಸಿದರು. ನನ್ನ ಪರವಾಗಿ ಗಿರಿಜಳೇ ಹೌದು ಎಂದಳು.

ಈಗ ಕೆಂಪು ಕಾರು ದಿನವೂ ಜಾವಗಲ್ಲಿಗೆ ಹೋಗುತ್ತದೆ, ನಾನು ಕ್ಲಿನಿಕ್ಕಿಗೆ ನಡೆದು ಹೋಗುತ್ತೇನೆ. ಭಾನುವಾರ ಮಾತ್ರ ನನ್ನನ್ನೂ ಕೂರಿಸಿಕೊಳ್ಳುತ್ತಾಳೆ. ಆ ನೇರ ರಸ್ತೆ ಬಂದಾಗ, “ಸ್ವಲ್ಪ ಜೋರಾಗಿ ಹೋಗ್ಲಾ ರೀ?” ಎಂದು ತಪ್ಪದೆ ಕೇಳುತ್ತಾಳೆ, ಕೇಳುತ್ತಲೇ ಒತ್ತುತ್ತಾಳೆ. ಸಾರು ಧಾರಾಳವಾಗಿ ಹರಿಯುತ್ತದೆ, ನನ್ನ ಬೆನ್ನು ಸೀಟಿಗೆ ಅಂಟುತ್ತದೆ, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಬೇಡ ಎನ್ನಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಹೊರಗೆ ಬರುವುದು ‘ಆಂ’ ಎಂಬುದೊಂದೇ. ಗಿರಿಜ ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡಿದ್ದಾಳೆ.